ದೇವಿಯ ಬಲ, ಮಾವನ ಎಡ

ಮೊನ್ನೆ ಕಾರವಾರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮೊದಲ ಪಂಕ್ತಿ ಏಳುವ ಲಕ್ಷಣ ಕಾಣಲಿಲ್ಲ. ಹಸಿವು ಮರೆಯಲೆಂದು, ಹೊಸ ಸೀರೆಯ ಮೇಲಿನ ವ್ಯಾಮೋಹಕ್ಕೆಂದು, ನನ್ನದೇ ಒಂದು ಸೆಲ್ಫಿ ತೆಗೆದುಕೊಂಡೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ನನ್ನ ಗಂಡನೂ ಅದನ್ನೇ ಕೇಳಿದರು. ಫೋಟೋ ನೋಡಿದರೆ ಎಡಭುಜದ ಮೇಲಿದ್ದ ಸೆರಗು ಬಲಭುಜಕ್ಕೆ ಹೋಗಿ ಕೂತಿದೆ. ಹಿಂದಿನ ಬ್ಯಾನರಿನಲ್ಲಿ ವಧೂವರರ ಹೆಸರು ಯಾವ ದೇಶದ ಲಿಪಿಯೋ ತಿಳಿಯದ ಹಾಗೆ ಉಲ್ಟಾ ಆಗಿದೆ. ಈ ಫೋನು ನನಗೇನೋ ಮೋಸ ಮಾಡುತ್ತಿದೆ ಎಂಬ ಸಂಶಯ ಮೊದಲು ಬಂತು. ನಮ್ಮ ತಾಯಿಯ ಕಡೆಯವರಿಗೆ ಮೊದಲು ಬರುವುದು ಸಂಶಯವೇ. ಬುದ್ಧಿ, ಬಂದರೆ, ಆಮೇಲೆ. ಸಂಶಯದ ಹಿಂದೆಯೇ ಹಾರವಾಡದ ಮಾವನ ನೆನಪಾಯಿತು, ನಗು ಬಂತು, ನಗು ಅರ್ಧಕ್ಕೇ ನಿಂತಿತು.

ಮಾವನೆಂದರೆ ನನ್ನ ಅಮ್ಮನ ಅಣ್ಣ. ಅಂಕೋಲಾ ತಾಲೂಕಿನ ಹಾರವಾಡದಲ್ಲಿ ಗದ್ದೆ, ಒಂದಿಷ್ಟು ತೆಂಗು. ಅವನು ನಂಬಿದ ವಸ್ತು ಈ ಲೋಕದಲ್ಲಿ ಒಂದಿತ್ತೋ ಇಲ್ಲವೋ ನನಗಿನ್ನೂ ಗೊತ್ತಿಲ್ಲ. ಬಸ್ಸಿನಲ್ಲಿ ಟಿಕೆಟು ಕೊಟ್ಟರೆ ಎರಡೂ ಬದಿ ತಿರುಗಿಸಿ ನೋಡುತ್ತಿದ್ದ. ಕಾರವಾರದ ದಾರಿಯಲ್ಲಿ ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆ ಬಂದಾಗ ಕಿಟಕಿಯಿಂದ ಕತ್ತು ಹೊರಹಾಕಿ, "ಇಷ್ಟ್ ಉದ್ದ ಗೋಡೆ ಕಟ್ಟೂಕೆ ಒಳಗೆ ಎಂತದೋ ಬೇರೇನೇ ಅದೆ" ಎನ್ನುತ್ತಿದ್ದ. ಒಳಗೆ ಹಡಗಿದೆ ಎಂದು ನಾನು ಹೇಳಿದರೆ, "ಹಡಗು ಇದ್ರೆ ಸಮುದ್ರದ ಬದಿಗೆ ಗೋಡೆ ಯಾಕಿಲ್ಲ?" ಎಂದು ನನ್ನನ್ನೇ ಸಂಶಯದಿಂದ ನೋಡುತ್ತಿದ್ದ. ಮೀನು ಮಾರುವ ಮಾದೇವಿ ಬುಟ್ಟಿ ಇಳಿಸಿದರೆ ಒಂದೊಂದೇ ಬಂಗಡೆಯ ಕಿವಿ ಎತ್ತಿ, ಕಣ್ಣು ಒತ್ತಿ, ಮೂಸಿ, ಬುಟ್ಟಿಯ ತಳದ ಮೀನನ್ನೂ ಮೇಲೆ ತೆಗೆಸುತ್ತಿದ್ದ. ಮಾದೇವಿ ಒಂದು ದಿನ ಸೊಂಟಕ್ಕೆ ಕೈಕೊಟ್ಟು ಕೇಳಿಯೇ ಬಿಟ್ಟಳು: "ನಾಯಕ್ರೇ, ನೀವು ಮೀನು ತಗಳೂಕೆ ಬಂದೀರೋ, ಹೆಣ್ಣು ನೋಡೂಕೆ ಬಂದೀರೋ?"

ಇಂಥವನಿಗೆ ಊರಿನಲ್ಲಿ ಭಾರೀ ಮರ್ಯಾದೆ ಇತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಗದ್ದೆಯ ಬದುವಿನ ಜಗಳವಿರಲಿ, ಅಣ್ಣ ತಮ್ಮಂದಿರ ಪಾಲಿರಲಿ, ಎರಡೂ ಕಡೆಯವರು ಮಾವನ ಜಗಲಿಗೇ ಬರುತ್ತಿದ್ದರು. ಯಾರನ್ನೂ ನಂಬದವನು ಇಬ್ಬರನ್ನೂ ಒಂದೇ ಸಮ ನಂಬುವುದಿಲ್ಲವಲ್ಲ, ಅದೇ ನ್ಯಾಯ. ಅವನು ಹೇಳಿದ ಮಾತಿಗೆ ಮರುಮಾತಿರಲಿಲ್ಲ. ಮಾತು ಕೊಟ್ಟರೆ ಅವನೂ ತಪ್ಪುತ್ತಿರಲಿಲ್ಲ. ಆರಡಿ ಎತ್ತರ, ನುಣ್ಣಗೆ ಬೋಳಿಸಿದ ಗಲ್ಲ, ಇಸ್ತ್ರಿಯ ಅಂಗಿ. ಜಗಲಿಯಲ್ಲಿ ಅವನು ಕೂತರೆ ಜಗಲಿ ಸಣ್ಣದಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಕಾರವಾರದಲ್ಲಿ ಡಿಗ್ರಿ ಓದುತ್ತಿದ್ದೆ. ನಮ್ಮ ಕನ್ನಡದ ಸರ್ ಆ ವರ್ಷ ದುರಂತ ನಾಯಕನ ಪಾಠ ಮಾಡಿದರು. ಅವನು ದೊಡ್ಡವನಾಗಿರಬೇಕು, ಅವನಲ್ಲಿ ಒಂದೇ ಒಂದು ದೋಷವಿರಬೇಕು, ಆ ದೋಷದಿಂದಲೇ ಬೀಳಬೇಕು, ಕಾಲ ಮಿಂಚಿದ ಮೇಲೆ ಅದು ಅವನಿಗೆ ಗೊತ್ತಾಗಬೇಕು. ಸರ್ ಇದನ್ನು ಅಡುಗೆ ಹೇಳಿಕೊಟ್ಟಷ್ಟು ಸಲೀಸಾಗಿ ಹೇಳಿದ್ದರಿಂದಲೇ ನನಗೆ ಅನುಮಾನ. ಬೀಳುವವರೆಲ್ಲ ರಾಜರೇ ಏಕೆ? ನಮ್ಮ ಬೀದಿಯಲ್ಲಿ ದಿನಾ ಬೀಳುವವರ ಗತಿಯೇನು? ಬೆಂಚಿನಲ್ಲಿ ಕೂತು ನಮ್ಮ ನೆಂಟರಲ್ಲಿ ಯಾರಾದರೂ ಈ ಅಳತೆಗೆ ಸಿಗುತ್ತಾರೋ ಎಂದು ಹುಡುಕಿದೆ. ದೋಷಗಳೇನೋ ಧಾರಾಳ ಸಿಕ್ಕವು. ದೊಡ್ಡತನ ಮಾವನ ಹೊರತು ಯಾರಲ್ಲೂ ಸಿಗಲಿಲ್ಲ. ಮಾವ ಬೀಳುವುದು ಮಾತ್ರ ಬಾಕಿಯಿತ್ತು.

ಆ ವರ್ಷವೇ ಅವನ ಮಗಳು ಶೈಲಕ್ಕನಿಗೆ ಹಣಕೋಣದಿಂದ ಸಂಬಂಧ ಬಂತು. ಶೈಲಕ್ಕ ನನಗಿಂತ ದೊಡ್ಡವಳು, ಅದಾಗಲೇ ಟೀಚರ್ ಕೆಲಸಕ್ಕೆ ಸೇರಿದ್ದಳು. ಹುಡುಗನಿಗೆ ಸರಕಾರಿ ನೌಕರಿ, ಮನೆಯವರೂ ಒಳ್ಳೆಯವರು. ಕಾರವಾರದ ಕಡೆ ಇದ್ದೂ ಇದ್ದೂ ಅರ್ಧ ಮಾತು ಕೊಂಕಣಿಯಲ್ಲೇ ಆಡುತ್ತಿದ್ದರು, ಅದೊಂದು ಮಾವನಿಗೆ ಕಿರಿಕಿರಿ. ತನಗೆ ತಿಳಿಯದ ಅರ್ಧದಲ್ಲೇ ಮುಖ್ಯವಾದದ್ದನ್ನು ಹೇಳಿಕೊಳ್ಳುತ್ತಾರೆ ಎಂದು. ಹುಡುಗ ಬಂದು ನೋಡಿ ಒಪ್ಪಿ ಹೋದ ಮೇಲೆ ಮಾವ ಹಣಕೋಣದ ಅಂಗಡಿ, ಅಂಚೆ, ಕ್ಷೌರದಂಗಡಿ ಎಲ್ಲ ಕಡೆ ವಿಚಾರಿಸಿಕೊಂಡು ಬಂದ. ಒಬ್ಬನಾದರೂ ಕೆಟ್ಟ ಮಾತು ಹೇಳಲಿಲ್ಲ. ಮಾವನ ನಿದ್ದೆ ಕೆಟ್ಟದ್ದು ಅದರಿಂದಲೇ.

"ಇಷ್ಟ್ ಚಲೋ ಹುಡುಗ ಇಷ್ಟ್ ದಿನ ಯಾಕೆ ಉಳ್ಕಂಡ?" ಎಂದು ನನ್ನ ಅಮ್ಮನ ಹತ್ತಿರ ಕೇಳಿದ. "ಎಂತದೋ ಅದೆ, ತಂಗಿ."

ಕಡೆಗೆ ಅತ್ತೆ ಸೋತು, ದೇವಿಯ ಹತ್ತಿರ ಪ್ರಸಾದ ಕೇಳಿಬಿಡೋಣ ಎಂದಳು. ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೂಜೆಯ ಗುನಗರು ಕೇಪಳದ ಮೊಗ್ಗನ್ನು ನೀರಿನಲ್ಲಿ ಅದ್ದಿ ದೇವಿಯ ಎರಡೂ ಬದಿಗೆ ಅಂಟಿಸುತ್ತಾರೆ. ನಾವು ಪ್ರಶ್ನೆ ಕೇಳಿ ಕೈಮುಗಿದು ನಿಲ್ಲುತ್ತೇವೆ. ಬಲದ ಮೊಗ್ಗು ಮೊದಲು ಬಿದ್ದರೆ ದೇವಿ ಹೌದೆಂದಳು, ಎಡದ್ದು ಬಿದ್ದರೆ ಬೇಡವೆಂದಳು. ಬಲವೆಂದರೆ ದೇವಿಯ ಬಲ. ಎದುರಿಗೆ ನಿಂತ ನಮಗೆ ಅದು ಎಡಕ್ಕೆ ಕಾಣುತ್ತದೆ. ಈ ಲೆಕ್ಕ ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ಯಾರೂ ತಪ್ಪುವುದಿಲ್ಲ.

ಆ ಬೆಳಿಗ್ಗೆ ನಾನೂ ಹೋಗಿದ್ದೆ. ಗುಡಿಯ ಬಾಗಿಲಲ್ಲೇ ಮಾವನಿಗೆ ಒಂದು ಸುದ್ದಿ ಸಿಕ್ಕಿತು: ಗುನಗರ ಸೊಸೆ ಹಣಕೋಣದವಳು. ಅವನ ಮುಖ ನೋಡಿಯೇ ನಾನು ಇನ್ನೇನೋ ಕಾದಿದೆ ಎಂದುಕೊಂಡೆ. ಒಳಗೆ ಹೋದ ಮೇಲೆ ಅವನು ನಮ್ಮೊಂದಿಗೆ ಮುಂದೆ ಬರಲಿಲ್ಲ, ಹಿಂದೆ ಕಂಬದ ಹತ್ತಿರ ಉಳಿದ. ಅಲ್ಲಿ ಗರ್ಭಗುಡಿಗೆ ಎದುರಾಗಿ ಯಾರೋ ಭಕ್ತರು ಕೊಟ್ಟ ದೊಡ್ಡ ಕನ್ನಡಿಯೊಂದಿತ್ತು. ಮಾವ ದೇವಿಗೆ ಬೆನ್ನು ಮಾಡಿ, ಗುನಗರನ್ನು ಗಮನಿಸದವನ ಹಾಗೆ ನಟಿಸುತ್ತ, ಆ ಕನ್ನಡಿಯೊಳಗೆ ಕಣ್ಣು ನೆಟ್ಟು ನಿಂತಿದ್ದನಂತೆ. ತಾನು ನೋಡುವುದು ಗುನಗರಿಗೆ ಗೊತ್ತಾಗದಿದ್ದರೆ ಅವರ ಕೈಚಳಕ ಹಿಡಿಯಬಹುದು ಎಂಬ ಉಪಾಯ. ಇದೆಲ್ಲ ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಆಗ ನಾವೆಲ್ಲ ಕಣ್ಣುಮುಚ್ಚಿ ಕೈಮುಗಿದಿದ್ದೆವು. ಕಣ್ಣು ತೆರೆದಿದ್ದವನು ಅವನೊಬ್ಬನೇ.

"ಬಲಕ್ಕೆ ಆಯ್ತು," ಎಂದರು ಗುನಗರು. "ದೇವಿ ಒಪ್ಪಿದ್ಲು."

ಮಾವ ಹೊರಗೆ ಬಂದ. ಚಪ್ಪಲಿ ಮೆಟ್ಟುತ್ತ ಅತ್ತೆಗೆ ಹೇಳಿದ: "ಸುಳ್ಳು. ಎಡದ್ದೇ ಬಿದ್ದದ್ದು. ನನ್ನ ಕಣ್ಣಾರೆ ನೋಡ್ದೆ." ಕನ್ನಡಿಯ ವಿಷಯ ಮಾತ್ರ ಬಾಯಿಬಿಡಲಿಲ್ಲ. ಬೇಹುಗಾರಿಕೆಯ ಗುಟ್ಟನ್ನು ಹೆಂಡತಿಗೂ ಹೇಳುವವನಲ್ಲ ಅವನು. ಅವನ ಮಾತಿಗೆ ಮರುಮಾತಿಲ್ಲವೆಂದು ಆಗಲೇ ಹೇಳಿದೆನಲ್ಲ. ಸಂಬಂಧ ಮುರಿಯಿತು. ಶೈಲಕ್ಕ ಸೀರೆಯ ನೆರಿಗೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದು ಮನೆ ಸೇರಿದಳು. ಅವಳ ಮುಖ ನಾನು ನೋಡಲಿಲ್ಲ; ನಾವೆಲ್ಲ ಮಾವನ ಮುಖವನ್ನೇ ನೋಡುತ್ತಿದ್ದೆವು.

ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಕಾರವಾರದ ನಮ್ಮ ಮನೆಯ ಬಾಗಿಲಲ್ಲಿ ಮಾವ ನಿಂತಿದ್ದ. ಒಂದು ಗಲ್ಲ ನುಣುಪು, ಇನ್ನೊಂದರಲ್ಲಿ ಗಡ್ಡ, ಕಿವಿಯ ಹತ್ತಿರ ಒಣಗಿದ ಸೋಪು.

"ಅಣ್ಣಾ, ಇದೆಂತಾ ಅವತಾರ?" ಎಂದು ಅಮ್ಮ ಕೂಗಿಕೊಂಡಳು.

ಅವನು ಕುರ್ಚಿಯಲ್ಲಿ ಕುಸಿದು ಹೇಳಿದ್ದಿಷ್ಟು. ಅಂಕೋಲೆಯಲ್ಲಿ ಕ್ಷೌರಕ್ಕೆ ಕೂತಿದ್ದ. ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ದೇವಿ ಎದುರಿನ ಕನ್ನಡಿಯಲ್ಲಿ ಕಾಣುತ್ತಿದ್ದಳು, ತ್ರಿಶೂಲ ಎಡಗೈಯಲ್ಲಿ. ಇದೆಂಥ ಕ್ಯಾಲೆಂಡರು, ಪ್ರೆಸ್ಸಿನವರು ಮೋಸ ಮಾಡಿದ್ದಾರೆ ಎಂದು ತಿರುಗಿ ನೋಡಿದರೆ ತ್ರಿಶೂಲ ಬಲಗೈಯಲ್ಲೇ ಇದೆ. ಮತ್ತೆ ಕನ್ನಡಿ ನೋಡಿದ, ಎಡ. ಮತ್ತೆ ತಿರುಗಿದ, ಬಲ. ಎದುರಿಗೆ ನಿಂತರೆ ದೇವಿಯ ಬಲ ನಮ್ಮ ಎಡ. ಕನ್ನಡಿಯಲ್ಲಿ ನೋಡಿದರೆ ಅವಳ ಬಲ ನಮ್ಮ ಬಲ. ಆ ದಿನ ಗುಡಿಯ ಕನ್ನಡಿಯಲ್ಲಿ ತನ್ನ ಬಲಕ್ಕೆ ಬಿದ್ದ ಮೊಗ್ಗನ್ನು ಅವನು ಎದುರು ನಿಂತವರ ಲೆಕ್ಕದಲ್ಲಿ ದೇವಿಯ ಎಡವೆಂದು ಎಣಿಸಿದ್ದ. ಕ್ಷೌರಿಕ ಕತ್ತಿ ಹಿಡಿದು ಕೂಗುತ್ತಿದ್ದ ಹಾಗೆಯೇ ಮಾವ ಎದ್ದು ಕಾರವಾರದ ಬಸ್ಸು ಹತ್ತಿದ್ದ.

"ತಂಗಿ, ದೇವಿ ಹೌದು ಅಂದಿದ್ಲು," ಎಂದ. "ಅಲ್ಲ ಅಂದವ ನಾನು."

ನಮ್ಮ ಮನೆಯಲ್ಲಿ ಅವನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನನಗೂ ಅಳು ಬಂತು. ಅಳುತ್ತಲೇ, ಸರ್ ಹೇಳಿದ್ದರಲ್ಲಿ ಬಾಕಿಯಿದ್ದದ್ದೂ ಆಯಿತಲ್ಲ ಎಂದು ಮನಸ್ಸು ಗುರುತು ಹಾಕಿಕೊಂಡಿತು. ಓದಿದವರ ಮನಸ್ಸನ್ನು ನಂಬಬೇಡಿ.

ಹಣಕೋಣಕ್ಕೆ ಅವನ ಜೊತೆ ನಾನೇ ಹೋದೆ. ಆ ಮನೆಯವರು ನಮ್ಮನ್ನು ಕಂಡು ಬೆರಗಾದರೂ, "ಯೋ, ಬೈಸ" ಎಂದು ಕೊಂಕಣಿಯಲ್ಲೇ ಒಳಗೆ ಕರೆದು ಮರ್ಯಾದೆಯಿಂದ ಕೂರಿಸಿದರು. ಮಾವ ಕ್ಷಮೆಯ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಚಾ ತಂದಳು. ಕೈತುಂಬ ಹಸಿರು ಬಳೆ, ಹೊಸ ತಾಳಿ. ಮನೆಯ ಹೊಸ ಸೊಸೆ. ಮಾವ ಕ್ಷಮೆಯ ಮಾತು ಅಲ್ಲಿಗೇ ಬಿಟ್ಟು ಕಪ್ಪು ಎತ್ತಿಕೊಂಡ. ಅವನು ಸಕ್ಕರೆ ಕೆದಕಲಿಲ್ಲ, ಹಾಲು ಮೂಸಲಿಲ್ಲ. ಪೂರ್ತಿ ಕುಡಿದು, "ಚಾ ಚಲೋ ಆಗದೆ ಮಗಾ" ಎಂದು ಎದ್ದ. ನಾನು ಕಾರವಾರದಲ್ಲಿ ಉಳಿದ ಮೇಲೆ ಒಬ್ಬನೇ ಹಾರವಾಡಕ್ಕೆ ಹೋಗುವಾಗ ಅವನು ಅರ್ಗಾದ ಗೋಡೆಯ ಕಡೆ ನೋಡಲೂ ಇಲ್ಲವೆಂದು ಅದೇ ಬಸ್ಸಿನಲ್ಲಿದ್ದ ಯಾರೋ ಆಮೇಲೆ ಹೇಳಿದರು.

ಮರುದಿನವೇ ಹಾರವಾಡದ ಮನೆಯ ಕನ್ನಡಿ ಗೋಡೆಗೆ ಮುಖ ಮಾಡಿತು. ಮಾವ ಕನ್ನಡಿಯಿಲ್ಲದೆ ಗಡ್ಡ ಬೋಳಿಸತೊಡಗಿದ. ಗಲ್ಲದ ಮೇಲೆ ದಿನಕ್ಕೊಂದು ಗಾಯ, ಅಲ್ಲಲ್ಲಿ ಉಳಿದ ಕೂದಲು. ಶೈಲಕ್ಕ ಮುಂದೆ ಯಾರನ್ನೂ ಮದುವೆಯಾಗಲಿಲ್ಲ. ಪಂಚಾಯ್ತಿಗೆ ಬಂದವರಿಗೆ ಮಾವ, "ನನ್ನ ಕಣ್ಣು ಸರಿ ಇಲ್ಲ, ಬೇರೆಯವ್ರ ಹತ್ರ ಹೋಗಿ" ಎಂದು ಹೇಳಿ ಕಳಿಸಿದ. ಪರೀಕ್ಷೆಯಲ್ಲಿ ದುರಂತ ನಾಯಕನ ಪ್ರಶ್ನೆ ಬಂದಾಗ ನಾನು ಹೆಸರು ಹೇಳದೆ ಮಾವನನ್ನೇ ಬರೆದೆ, ಒಳ್ಳೆಯ ಅಂಕವೂ ಬಂತು.

ಮೊನ್ನೆಯ ಮದುವೆ ಮುಗಿಸಿಕೊಂಡು ನೆಟ್ಟಗೆ ಹಾರವಾಡಕ್ಕೆ ಹೋದೆ. ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಮಾವನಿಗೆ ಬೆನ್ನು ಬಾಗಿದೆ, ಮಗಳ ಜೊತೆ ಸುಖವಾಗಿಯೇ ಇದ್ದಾನೆ, ಸುಖವನ್ನು ನಂಬದೆ. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಶೈಲಕ್ಕನಿಗೆ ನನ್ನ ಉಲ್ಟಾ ಸೆರಗಿನ ಫೋಟೋ ತೋರಿಸಿದೆ. ನಕ್ಕಳು. ನಗು ಮುಗಿಯುವ ಮೊದಲೇ ನಾನು ಕೇಳಿಬಿಟ್ಟೆ, ಆ ಕನ್ನಡಿಯೊಂದು ಇಲ್ಲದಿದ್ದರೆ ಇವತ್ತು ನೀನು ಹಣಕೋಣದಲ್ಲಿ ಇರುತ್ತಿದ್ದೆಯಲ್ಲವೇ ಎಂದು.

"ಹೂವಿನ ಹತ್ರ ಕೇಳಿದ್ರು," ಎಂದಳು ಶೈಲಕ್ಕ, ಸೀರೆ ಕೊಡವುತ್ತ. "ಗುನಗರ ಹತ್ರ ಕೇಳಿದ್ರು. ಅಪ್ಪ ಕನ್ನಡಿ ಹತ್ರಾನೂ ಕೇಳ್ದ. ನನ್ನ ಹತ್ರ ಯಾರಾದ್ರೂ ಕೇಳಿದ್ರಾ?"

"ಕೇಳಿದ್ರೆ ಎಂತ ಹೇಳ್ತಿದ್ದೆ?"

"ಬ್ಯಾಡ ಅಂತಿದ್ದೆ." ಅವಳು ನನ್ನ ಕಡೆ ತಿರುಗಿದಳು. "ನೋಡೂಕೆ ಬಂದ ದಿನ ನಾ ಕೊಟ್ಟ ಶಿರಾನ ಅವ ಚಮಚದಲ್ಲಿ ಕೆದಕಿ ಕೆದಕಿ, ಅಡಿಗೆಲ್ಲ ನೋಡಿ ತಿಂದ. ಮನೆಲಿ ಒಬ್ರು ಸಾಕು ಮಾರಾಯ್ತಿ ಅಂದ್ಕಂಡೆ. ಮೊಗ್ಗು ಎಡಕ್ಕೆ ಬಿತ್ತು ಅಂತ ಅಪ್ಪ ಹೇಳ್ದಾಗ ನಂಗೆ ನಗು ತಡ್ಕಳೂಕೆ ಆಗ್ಲಿಲ್ಲ, ಅದ್ಕೇ ಮುಂದೆ ಓಡ್ದೆ. ಆಮೇಲೂ ಮದುವೆ ಬೇಕು ಅಂತ ನಂಗೆ ಅನ್ಸಲೇ ಇಲ್ಲ."

"ಮಾವಂಗೆ ಹೇಳ್ಲಿಲ್ವಾ?"

"ಹೇಳ್ದೆ. ಅಪ್ಪ ಹಣಕೋಣದಿಂದ ತಿರುಗಿ ಬಂದ ದಿನವೇ ಹೇಳ್ದೆ, ವರ್ಷಾ ವರ್ಷಾ ಹೇಳ್ದೆ. 'ನನ್ನ ಸಮಾಧಾನಕ್ಕೆ ನೀ ಹೇಳ್ತೆ' ಅಂತಾನೆ. ನಂಬೂದಿಲ್ಲ."

ನಾನು ಅವಳ ಮುಖ ನೋಡಿದೆ. ಒಳಗೆಲ್ಲೋ ಒಂದು ಹುಳ ಕೊರೆಯಿತು. ಅಪ್ಪನನ್ನು ಉಳಿಸಿಕೊಳ್ಳಲು ಇವಳೇ ಕಟ್ಟಿಕೊಂಡ ಮಾತಾಗಿರಬಹುದೇ? ಬಾಯಿ ತಡೆಯಲಿಲ್ಲ. "ಖರೇನಾ ಶೈಲಕ್ಕ?" ಎಂದೆ.

"ನೀನೂ ಅವ್ನ ಸೋದರಸೊಸೆಯೇ ಅಲ್ಲಾ," ಎಂದು ಅವಳು ಬಕೆಟ್ಟು ಎತ್ತಿಕೊಂಡಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಸುಸ್ತಾಗಿತ್ತು. ನನಗೆ ನಾಚಿಕೆಯಾಯಿತು.

ಜಗಲಿಯಲ್ಲಿ ಮಾವ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದ. ನಾನು ಹತ್ತಿರ ಕೂತು, ಸಾಧ್ಯವಾದಷ್ಟು ಸಹಜವಾಗಿ ಹೇಳಿದೆ: "ಮಾವಾ, ಶೈಲಕ್ಕಂಗೆ ಆ ಹಣಕೋಣದ ಹುಡುಗ ಬ್ಯಾಡಾಗಿತ್ತಂತೆ. ದೇವಿ ಹೌದಂದ್ರೂ ಇವ್ಳು ಆಗೂದಿಲ್ಲ ಅಂತಿದ್ಲಂತೆ."

ಮಾವ ಕತ್ತಿ ಕೆಳಗಿಟ್ಟ. ಆ ಕಣ್ಣು ಇನ್ನೂ ಹಳೆಯ ಕಣ್ಣೇ, ಬಂಗಡೆಯ ಕಿವಿ ಎತ್ತಿ ನೋಡುತ್ತಿದ್ದ ಕಣ್ಣು.

"ನಿಂಗೂ ಹೇಳಿ ಕಳಿಸಿದ್ಳಾ?" ಎಂದ.

ನಮ್ಮ ಸರ್ ಹೇಳಿದ್ದರಲ್ಲಿ ಏನೋ ಕಡಿಮೆಯಿದೆ ಎಂದು ಅಂದಿನಿಂದ ಇದ್ದ ಸಂಶಯ ಆ ಗಳಿಗೆಯಲ್ಲಿ ಖಚಿತವಾಯಿತು. ಮಾವ ಬಿದ್ದದ್ದು ಕನ್ನಡಿಯಿಂದಲ್ಲ. ಎಡ ಬಲ ಯಾರಿಗೂ ತಪ್ಪುತ್ತದೆ. ಕೈಹಿಡಿದು ಎಬ್ಬಿಸಲು ಮಗಳು ಇಷ್ಟು ವರ್ಷ ಎದುರಿಗೇ ನಿಂತಿದ್ದಾಳೆ, ಅವನು ಆ ಕೈಯನ್ನೂ ಸಂಶಯದಿಂದ ನೋಡುತ್ತ ಕೂತಿದ್ದಾನೆ. ತಪ್ಪು ಗೊತ್ತಾಗುವುದು ನಾಯಕನ ಕೊನೆಯೆಂದು ಸರ್ ಹೇಳಿದ್ದರು. ಆ ತಪ್ಪಿನಿಂದ ಯಾರಿಗೂ ಕೆಡುಕಾಗಿರಲಿಲ್ಲವೆಂಬ ಸುದ್ದಿಯನ್ನು ನಂಬಲಾಗದೆ ಹೋದರೆ ಅದಕ್ಕೆ ಏನೆನ್ನಬೇಕೋ ಅವರು ಹೇಳಲಿಲ್ಲ. ಹಿತ್ತಿಲಲ್ಲಿ ನಾನು ಕೇಳಿದ "ಖರೇನಾ" ನೆನಪಾಯಿತು. ಶೈಲಕ್ಕ ಹೇಳಿದ್ದನ್ನು ನಾನು ನಂಬುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ. ನಂಬುವುದನ್ನೂ ನಿಶ್ಚಯ ಮಾಡಿಕೊಂಡೇ ಶುರುಮಾಡಬೇಕಾದ ವಂಶ ನಮ್ಮದು.

ಮಾವ ಮತ್ತೆ ಕತ್ತಿ ಎಳೆಯತೊಡಗಿದ. ದವಡೆಯ ಹತ್ತಿರ ಒಂದಿಷ್ಟು ಕೂದಲು ಉಳಿಯಿತು.

"ಬಲಗಡೆ ಉಳೀತು ಮಾವಾ," ಎಂದೆ.

ಅವನ ಕೈ ನಿಂತಿತು. "ಯಾರ ಬಲ? ನಿಂದೋ, ನಂದೋ?"

"ನಿಂದೇ."

ಅವನು ನನ್ನನ್ನು ನೋಡಿದ, ಯೋಚಿಸಿದ, ಎರಡೂ ಗಲ್ಲ ಸವರಿಕೊಂಡ. ಕತ್ತಿ ಮಾತ್ರ ಯಾವ ಕಡೆಗೂ ಹೋಗಲಿಲ್ಲ. ಅಷ್ಟರಲ್ಲಿ ಶೈಲಕ್ಕ ಒಳಗಿನಿಂದ ಬಂದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅವನ ದವಡೆಯ ಮೇಲೆ ಒಂದು ಬೆರಳಿಟ್ಟಳು. ಅವಳ ಬೆರಳಿದ್ದ ಜಾಗಕ್ಕೆ ಮಾವ ಕತ್ತಿ ತಂದು, ಕಣ್ಣುಮುಚ್ಚಿ ಬೋಳಿಸಿಕೊಂಡ.