ದೋಣಿ ಹತ್ತಿದ ಕಂಡಕ್ಟರಮ್ಮ

ಬೆಳಕು ಹರಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಹೊತ್ತು. ನದಿಯ ಮೇಲೆ ಮಂಜು ಹಿಂಜಿದ ಹತ್ತಿಯ ಹಾಗೆ ಕೂತಿದೆ. ಆಚೆ ದಡ ಇದೆಯೆಂದು ನಂಬಬೇಕಷ್ಟೆ, ಕಣ್ಣಿಗೆ ಕಾಣುವುದಿಲ್ಲ. ಆ ಬಿಳುಪಿನೊಳಗಿಂದ ಒಂದು ದನಿ ಏಳುತ್ತದೆ.

"ಬನ್ನಿ ಬನ್ನಿ, ಆಸ್ಪತ್ರೆ, ಗಿರಣಿ, ದೊಡ್ಡ ಮಾರ್ಕೆಟ್ಟು! ಒಬ್ಬೊಬ್ಬರೇ ಹತ್ಕೊಳ್ಳಿ. ಮುಂದೆ ಹೋಗಿ, ಮುಂದೆ ಹೋಗಿ!"

"ಇನ್ನೂ ಮುಂದೆ ಹೋದ್ರೆ ನೀರಿಗೇ ಹೋಗೋದು, ಕಂಡಕ್ಟರಮ್ಮಾ," ಎನ್ನುತ್ತಾರೆ ಯಾರೋ. ದಿನವೂ ಯಾರಾದರೊಬ್ಬರು ಈ ಮಾತು ಹೇಳಲೇಬೇಕು, ಉಳಿದವರು ನಗಲೇಬೇಕು. ಅದಾಗದೆ ದೋಣಿ ಹೊರಡುವುದಿಲ್ಲ.

ಕಂಡಕ್ಟರಮ್ಮ ನಗುವುದಿಲ್ಲ. ಸಾರಿಗೆ ಇಲಾಖೆಯ ನೀಲಿ ಅಂಗಿಯ ತೋಳು ಮಡಚಿ, ಕೊರಳಲ್ಲಿ ನೇತಾಡುವ ಸೀಟಿಯನ್ನು ಬಾಯಿಗಿಟ್ಟು ಎರಡು ಸಲ ಊದುತ್ತಾಳೆ. ಬಸ್ಸಿನಲ್ಲಾದರೆ ಅದು ಡ್ರೈವರಿಗೆ ಹೊರಡು ಎಂಬ ಸೂಚನೆ. ಇಲ್ಲಿ ಊದಿದವಳೇ ಕೆಳಗೆ ಕೂತು ಹುಟ್ಟು ಹಿಡಿಯಬೇಕು. "ಊದೋಳೂ ನಾನೇ, ಕೇಳಿಸ್ಕೊಳ್ಳೋಳೂ ನಾನೇ. ಹಳೇ ಡ್ರೈವರ್ ಹತ್ರ ಇದ್ದಷ್ಟು ಜಗಳ ಈಗಿಲ್ಲ," ಎನ್ನುತ್ತಾಳೆ. ಹುಟ್ಟು ನೀರಿಗಿಳಿಯುತ್ತದೆ. ಹಿಂದಿದ್ದ ದಡ ಅಳಿಸಿಹೋಗುತ್ತದೆ. ಸ್ವಲ್ಪ ಹೊತ್ತು ಹನ್ನೆರಡು ಮಂದಿ ಎಲ್ಲಿಯೂ ಇಲ್ಲದ ಜಾಗದಲ್ಲಿ ತೇಲುತ್ತಿರುತ್ತಾರೆ.

ದೇಶದಲ್ಲಿ ಡೀಸೆಲ್ ಮುಗಿದ ಮೇಲೆ ಈ ಪೇಟೆಯವರು ಕೆಲಸಕ್ಕೆ ಹೋಗುತ್ತಿರುವುದು ಹೀಗೆ. ಆಸ್ಪತ್ರೆಯೂ ಗಿರಣಿಯೂ ಆಚೆ ದಡದಲ್ಲಿವೆ. ಸೇತುವೆ ಇರುವುದು ನದಿ ಹರಿಯುವ ದಿಕ್ಕಿನಲ್ಲಿ ಬಹು ದೂರ. ಬಸ್ಸಿದ್ದಾಗ ಅದನ್ನು ಸುತ್ತಿ ಹೋಗಲು ಒಂದು ತಾಸು ಹಿಡಿಯುತ್ತಿತ್ತು. ನಡೆದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ. ಆ ಸುತ್ತು ಬಸ್ಸಿನಲ್ಲಿ ಇವಳು ಇಪ್ಪತ್ತು ವರ್ಷಕ್ಕೂ ಮೇಲೆ ಕಂಡಕ್ಟರಾಗಿದ್ದಳು. ಯಾರು ಎಲ್ಲಿ ಹತ್ತುತ್ತಾರೆ, ಯಾರಿಗೆ ಸೊಂಟ ನೋವು, ಯಾರಿಗೆ ಯಾರ ಪಕ್ಕ ಕೂತರೆ ಆಗದು, ಎಲ್ಲ ಅವಳಿಗೆ ಬಾಯಿಪಾಠ.

ಬಸ್ಸಿಗಿಂತ ಮೊದಲು ಇಲ್ಲಿ ಜನರನ್ನು ದಾಟಿಸುತ್ತಿದ್ದವನು ಅವಳ ಅಪ್ಪ. ಸೇತುವೆ ಎದ್ದು ಬಸ್ಸು ಬಂದ ವರ್ಷ ಅವನ ದೋಣಿಗೆ ಜನ ಇಲ್ಲವಾದರು. ಅದೇ ವರ್ಷ ಮಗಳು ಅದೇ ಬಸ್ಸಿಗೆ ಕಂಡಕ್ಟರಾಗಿ ಸೇರಿದಳು. "ಮನೇಲಿ ಒಬ್ಬರಾದ್ರೂ ಸಂಬಳ ತರಬೇಕಿತ್ತಲ್ಲ. ಆದ್ರೆ ಅಪ್ಪನಿಗೆ ಅದು ಬೆನ್ನಿಗೆ ಚೂರಿ ಹಾಕಿದ ಹಾಗಾಯ್ತು," ಎಂದು ಅವಳು ನೆನೆಯುತ್ತಾಳೆ. ಅಪ್ಪ ದೋಣಿಯನ್ನು ಹಿತ್ತಲಿಗೆ ಎಳೆದು ತಂದು ಬೋರಲು ಹಾಕಿದ. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿದವು. ಮಗಳ ಸಂಬಳದಲ್ಲಿ ಅವನು ಉಂಡ, ಕಾಯಿಲೆ ಬಿದ್ದಾಗ ಔಷಧಿ ಕುಡಿದ, ಅವಳ ಗಂಡ ತೀರಿಕೊಂಡಾಗ ಪಕ್ಕದಲ್ಲಿ ಕೂತು ಬೆನ್ನು ಸವರಿದ. ಬಸ್ಸಿನ ಮಾತು ಬಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

ಬಸ್ಸುಗಳು ನಿಂತ ಮೂರನೆಯ ದಿನ ಡಿಪೋದವರು ಅವಳ ಟಿಕೆಟ್ ಚೀಲ ಇಸಿದುಕೊಂಡು, "ಎಣ್ಣೆ ಬಂದ್ಮೇಲೆ ಹೇಳಿ ಕಳಿಸ್ತೀವಿ," ಎಂದರು. ಮನೆಗೆ ನಡೆದು ಬರುವಾಗ ನದಿಯ ದಡದಲ್ಲಿ ಆಸ್ಪತ್ರೆಯ ಲಾಂಡ್ರಿ ಅಕ್ಕ ನಿಂತಿದ್ದಳು. ರೋಗಿಗಳ ಹಾಸಿಗೆ ಬಟ್ಟೆ ಒಗೆಯುವ, ಎರಡೂ ಮೊಣಕಾಲು ಸೋತ ಹೆಂಗಸು. ಹಿಂದಿನ ದಿನ ಸೇತುವೆ ಸುತ್ತಿ ನಡೆದು ಹೋಗಿ, ವಾಪಸು ಬರುವಾಗ ಎರಡು ಕಡೆ ಬಿದ್ದಿದ್ದಳು. ಈಗ ಊಟದ ಡಬ್ಬಿ ಎದೆಗೊತ್ತಿಕೊಂಡು ಆಚೆ ದಡವನ್ನೇ ನೋಡುತ್ತಿದ್ದಳು. "ಅಲ್ಲಿ ಹೆರಿಗೆ ವಾರ್ಡಲ್ಲಿ ಒಂದು ಒಣಗಿದ ಬಟ್ಟೆ ಇಲ್ಲ ಕಣೇ. ಮಕ್ಕಳನ್ನ ಪೇಪರಲ್ಲಿ ಸುತ್ತುತಾ ಇದಾರೆ," ಎಂದಳು.

ರಾತ್ರಿ ಊಟದ ಹೊತ್ತಿಗೆ ಮಗಳು ಇದನ್ನು ಅಪ್ಪನಿಗೆ ಹೇಳಿದಳು. ಅಪ್ಪ ಉಂಡು ಕೈ ತೊಳೆದು ಮಲಗಿದ. ಬೆಳಗಾಗೆದ್ದು ನೋಡಿದರೆ ಕೋಳಿಗಳೆಲ್ಲ ಬೀದಿ ಪಾಲಾಗಿ ಕೊಕ್ಕೊಕ್ಕೋ ಎಂದು ದೂರು ಹೇಳುತ್ತಿವೆ. ದೋಣಿ ನೆಟ್ಟಗಾಗಿ ಕೂತಿದೆ. ಎಂಬತ್ತು ದಾಟಿದ ಮುದುಕ ಅದರೊಳಗೆ ಮೊಣಕಾಲೂರಿ, ಬಿರುಕುಗಳಲ್ಲಿನ ಹಳೆಯ ನಾರು ಕಿತ್ತು ಹೊಸದನ್ನು ತುರುಕುತ್ತಿದ್ದಾನೆ. ತಲೆ ಎತ್ತದೆ, "ಟಾರು ಬೇಕು," ಎಂದ. ಎಷ್ಟೋ ವರ್ಷಗಳ ಮೇಲೆ ಅವನು ಮಗಳ ಹತ್ತಿರ ಕೇಳಿದ ಮೊದಲ ವಸ್ತು ಅದು.

ಟಾರಿಗೆ ಬರವಿರಲಿಲ್ಲ. ಪೇಟೆಯ ನೇರಕ್ಕೆ ನದಿಯ ನಡುವೆ ಆರು ದೈತ್ಯ ಕಂಬಗಳು ನಿಂತಿವೆ, ತಲೆಯ ಮೇಲೆ ಏನೂ ಇಲ್ಲದೆ. ಹೊರದೇಶದ ಸಾಲದಲ್ಲಿ ಕಟ್ಟಲು ಹೊರಟಿದ್ದ ಹೊಸ ಸೇತುವೆ ಅದು. ಸಾಲ ನಿಂತ ದಿನ ಕೆಲಸವೂ ನಿಂತಿತು, ಗುತ್ತಿಗೆದಾರರು ಯಂತ್ರಗಳನ್ನು ಬಿಚ್ಚಿಕೊಂಡು ಹೋದರು. ದಡದಲ್ಲಿ ಬಿಟ್ಟುಹೋದ ಟಾರಿನ ಪೀಪಾಯಿಗಳು ಬಿಸಿಲಿಗೆ ಮೆತ್ತಗಾಗಿ ಸೋರುತ್ತಿದ್ದವು. ಇಡೀ ದೇಶ ಸಾಲ ಮಾಡಿ ತಂದ ಟಾರಿನಲ್ಲಿ ಒಂದು ಹಳೆಯ ದೋಣಿಯ ತೂತುಗಳು ಮುಚ್ಚಿಕೊಂಡವು.

ಹುಟ್ಟು ಹಾಕುವುದನ್ನು ಅಪ್ಪನೇ ದಡದಲ್ಲಿ ಕೂತು ಕಲಿಸಿದ. "ನೀರನ್ನ ಹೊಡೀಬೇಡ್ವೇ, ತಳ್ಳು! ಅದೇನು ನಿನ್ನ ಪ್ಯಾಸೆಂಜರ್ರಾ, ಬೈದು ಮುಂದೆ ಕಳ್ಸೋಕೆ?" ಮೊದಲ ವಾರ ದೋಣಿ ಹೋಗಬೇಕಾದ ಕಡೆ ಬಿಟ್ಟು ಉಳಿದೆಲ್ಲ ಕಡೆಯೂ ಹೋಯಿತು. ಒಮ್ಮೆ ಆಸ್ಪತ್ರೆಗೆ ಹೊರಟ ನರ್ಸುಗಳು ಸ್ಮಶಾನದ ಮೆಟ್ಟಿಲಲ್ಲಿ ಇಳಿದರು. "ಸ್ವಲ್ಪ ಅವಸರ ಆಯ್ತು ಕಂಡಕ್ಟರಮ್ಮಾ, ರೋಗಿಗಳೇ ಇನ್ನೂ ಬಂದಿಲ್ಲ," ಎಂದಳಂತೆ ಒಬ್ಬಳು.

ಈಗ ದಿನಕ್ಕೆ ಎಂಟೊಂಬತ್ತು ಸಲ ದೋಣಿ ಹೋಗಿ ಬರುತ್ತದೆ, ಸುಮಾರು ನೂರು ಜನರನ್ನು ದಾಟಿಸುತ್ತದೆ. ಟಿಕೆಟ್ಟಿಲ್ಲ. ನೋಟುಗಳನ್ನು ಯಾರೂ ಕೊಡುವುದಿಲ್ಲ, ಅವಳೂ ಕೇಳುವುದಿಲ್ಲ. ಬೆಲೆ ಕಳೆದುಕೊಂಡ ಆ ಕಾಗದವನ್ನು ಮಕ್ಕಳು ದೋಣಿ ಮಡಚಿ ನೀರಿಗೆ ಬಿಡುತ್ತಾರೆ. ಜನ ಕೊಡುವುದು ಎರಡು ಈರುಳ್ಳಿ, ಅರ್ಧ ಸೋಪು, ಒಂದು ಮೊಟ್ಟೆ, ಇಲ್ಲದಿದ್ದರೆ ನಾಳೆ ಎಂಬ ಮಾತು. ಪಿಯಾನೋ ಮೇಷ್ಟ್ರು ಒಬ್ಬರು ವಾದ್ಯವನ್ನೇ ಮಾರಿ ಹಿಟ್ಟು ತಂದವರು. ಅವರ ಹತ್ತಿರ ಕೊಡಲು ಏನೂ ಇಲ್ಲದ ದಿನ ದಾರಿಯುದ್ದಕ್ಕೂ ಹಾಡುತ್ತಾರೆ. "ಚೆನ್ನಾಗಿ ಹಾಡ್ತಾರೆ. ಆದ್ರೆ ಆವತ್ತು ಯಾರೂ ಬೇಗ ದಡ ಸೇರೋಕೆ ಬಿಡಲ್ಲ, ನಂಗೆ ಕೈ ನೋವು," ಎಂದು ಕಂಡಕ್ಟರಮ್ಮ ದೂರುತ್ತಾಳೆ.

ಕೆಲವರು ಆಚೆಗೆ ಹೋಗುತ್ತಾರೆ, ವಾಪಸು ಬರುವುದಿಲ್ಲ. "ಸೂಟ್‌ಕೇಸು ನೋಡಿದ್ರೆ ಗೊತ್ತಾಗುತ್ತೆ. ಅವರು ಈ ದಡವನ್ನ ನೋಡೋ ಥರಾನೇ ಬೇರೆ. ಅವರ ಹತ್ರ ಏನೂ ತಗೊಳ್ಳಲ್ಲ ನಾನು." ಅರ್ಧ ಪೇಟೆಗೆ ಅಕ್ಷರ ಕಲಿಸಿದ ಟೀಚರಮ್ಮ ಹಾಗೇ ಹೋದರು, ಯಾವುದೋ ದೇಶದಲ್ಲಿ ಯಾರದೋ ಮನೆಯ ಪಾತ್ರೆ ತೊಳೆಯಲು. ದೋಣಿಯಲ್ಲಿದ್ದವರೆಲ್ಲ ಅವರ ಶಿಷ್ಯರೇ. ಇಳಿಯುವಾಗ ಎಲ್ಲರೂ ಎದ್ದು ನಿಂತರು. ದೋಣಿ ತೂಗಾಡಿತು. "ಕೂತ್ಕೊಳ್ರೋ, ಬಿದ್ದೀರಿ," ಎಂದು ಟೀಚರಮ್ಮ ಕೊನೆಯ ಸಲ ಗದರಿದರು.

ದೋಣಿ ನಿಜಕ್ಕೂ ಮಗುಚಿಬೀಳುವುದರಲ್ಲಿದ್ದದ್ದು ಒಂದೇ ಒಂದು ದಿನ. ಅಂದು ಕ್ಯಾಪಿನಲ್ಲಿ ಮುಖ ಮರೆಸಿಕೊಂಡು ಒಬ್ಬ ಗಂಡಸು ಹತ್ತಿದ. ನಡುನದಿಯಲ್ಲಿ ಗಾಳಿಗೆ ಕ್ಯಾಪು ಹಾರಿತು. ಲಾಂಡ್ರಿ ಅಕ್ಕ ಗುರುತು ಹಿಡಿದಳು. ಪೇಟೆಯ ಬ್ಯಾಂಕಿನ ಕ್ಯಾಷಿಯರು. ಮೊಣಕಾಲಿನ ಆಪರೇಷನ್ನಿಗೆಂದು ಅವಳು ಜನ್ಮವಿಡೀ ಕೂಡಿಟ್ಟದ್ದು ಅವನ ಬ್ಯಾಂಕಿನಲ್ಲಿತ್ತು. ಹಣ ತೆಗೆಯಲು ಜನ ಮುಗಿಬಿದ್ದ ದಿನ ಅವಳ ಮುಖದ ಮೇಲೇ ಕಬ್ಬಿಣದ ಬಾಗಿಲು ಎಳೆದವನು ಅವನೇ.

"ನನ್ನ ಕಾಲು ತಿಂದವನೇ!" ಎಂದು ಅವಳು ಸೋತ ಕಾಲಲ್ಲೇ ಎದ್ದು ಅವನ ಕೊರಳಪಟ್ಟಿಗೆ ಕೈ ಹಾಕಿದಳು. ಇನ್ನಿಬ್ಬರು ಎದ್ದರು. ದೋಣಿ ಒಂದು ಮಗ್ಗುಲಿಗೆ ವಾಲಿ ಒಳಗೆ ನೀರು ನುಗ್ಗಿತು. ಒಬ್ಬಳು ಬಸುರಿ ಹಲಗೆ ತಬ್ಬಿಕೊಂಡು ಚೀರಿದಳು. ಕಂಡಕ್ಟರಮ್ಮ ಸೀಟಿ ಕಚ್ಚಿ ಉಸಿರಿದ್ದಷ್ಟೂ ಊದಿದಳು.

"ಕೂತ್ಕೊಳ್ಳಿ ಎಲ್ಲಾ! ಅಕ್ಕಾ, ಅವನನ್ನ ಹೊಡೀಬೇಕು ಅಂದ್ರೆ ದಡದಲ್ಲಿ ಹೊಡಿ, ನಾನೇ ಹಿಡ್ಕೊಳ್ತೀನಿ. ನೀರಲ್ಲಿ ಬೇಡ. ಇಲ್ಲಿ ಸಾಯೋಳು ಆ ಹುಡುಗಿ."

ಅಕ್ಕ ಕೂತಳು. ದಡ ಮುಟ್ಟಿದಾಗ ಅವಳು ಹೊಡೆಯಲೂ ಇಲ್ಲ, ಡಬ್ಬಿ ಎತ್ತಿಕೊಂಡು ಕುಂಟುತ್ತ ಹೋಗಿಬಿಟ್ಟಳು. ಎಲ್ಲರೂ ಇಳಿದ ಮೇಲೂ ಕ್ಯಾಷಿಯರು ಕೂತೇ ಇದ್ದ. ದೋಣಿಯ ಮೂಲೆಯಲ್ಲಿದ್ದ ತಗಡಿನ ಡಬ್ಬ ತೆಗೆದುಕೊಂಡು ನೀರು ಮೊಗೆದು ಹೊರಗೆ ಚೆಲ್ಲತೊಡಗಿದ. ಮರುದಿನ ಬೆಳಗ್ಗೆ ಬಂದವನು, "ಇನ್ನೊಂದು ಹುಟ್ಟು ಇದೆಯಾ?" ಎಂದು ಕೇಳಿದ.

ದೇಶ ಹೇಗೆ ಮುಳುಗಿತು ಎಂದು ಜನ ಕೇಳಿದರೆ ಅವನು ಈಗ ಹುಟ್ಟು ಹಾಕುತ್ತಲೇ ಹೇಳುತ್ತಾನೆ. "ಈ ಕಂಬಗಳ ಥರಾನೇ ಎಷ್ಟೋ ಕಟ್ಟಿದ್ರು, ಎಲ್ಲಾ ಸಾಲ. ಆ ಸಾಲ ತೀರ್ಸೋಕೆ ಇನ್ನೊಂದು ಸಾಲ. ಹೊರದೇಶದೋರಿಗೆ ಕೊಡೋ ಹಣ ಖಾಲಿ ಆಯ್ತು. ಎಣ್ಣೆ ಹಡಗು ಬಂದ್ರೂ ಇಳಿಸ್ಲಿಲ್ಲ, ದೂರದಲ್ಲೇ ದೀಪ ಹಾಕ್ಕೊಂಡು ನಿಂತಿತ್ತು. ಆಮೇಲೆ ನಮ್ಮ ನೋಟನ್ನೇ ಅಚ್ಚು ಹಾಕಿದ್ರು, ಹಾಕಿದ್ರು, ಹಾಕ್ತಾನೇ ಇದ್ರು. ಬೆಳಗ್ಗೆ ಬ್ರೆಡ್ಡು ಸಿಗ್ತಿದ್ದ ನೋಟಿಗೆ ಸಂಜೆ ಬೆಂಕಿಪೊಟ್ಟಣ ಸಿಗ್ತಿರ್ಲಿಲ್ಲ. ಜನ ಹೆದರಿ ಓಡಿ ಬಂದ್ರು. ಬಾಗಿಲು ಹಾಕು ಅಂತ ಮೇಲಿಂದ ಫೋನ್ ಬಂತು. ಹಾಕಿದೆ." ಅಲ್ಲಿಗೆ ಅವನು ನಿಲ್ಲಿಸುತ್ತಾನೆ. ಫೋನ್ ಮಾಡಿದವರು ದೋಣಿ ಹತ್ತುವುದಿಲ್ಲ.

ಪೆನ್ನು ಹಿಡಿದ ಕೈ, ಮೂರೇ ದಿನಕ್ಕೆ ಬೊಬ್ಬೆ ಎದ್ದು ಒಡೆಯಿತು. ಹುಟ್ಟಿನ ಹಿಡಿಯಲ್ಲಿ ರಕ್ತ ಕಂಡಿತು. ಲಾಂಡ್ರಿ ಅಕ್ಕ ಎದುರಿಗೇ ಕೂತು ಅದನ್ನು ನೋಡುತ್ತಿದ್ದಳು. ಒಂದು ಸಂಜೆ ಆಸ್ಪತ್ರೆಯ ಹಳೆ ದುಪ್ಪಟಿಯ ಪಟ್ಟಿಗಳನ್ನು ಹರಿದು ತಂದು ಅವನ ಮಡಿಲಿಗೆ ಎಸೆದಳು. "ಕಟ್ಕೋ. ನೀನು ಕೈ ಕಳ್ಕೊಂಡ್ರೆ ನನ್ನ ಕಾಲೇನೂ ವಾಪಸ್ ಬರಲ್ಲ." ಇನ್ನೂ ಅವನ ಹೆಸರು ಹಿಡಿದು ಕರೆದಿಲ್ಲ ಅವಳು. ಆದರೆ ಮಂಜು ಕವಿದ ದಿನ ದೋಣಿಯ ಮೂತಿಯಲ್ಲಿ ಕೂತು, "ಎಡಕ್ಕೆ, ಎಡಕ್ಕೆ, ಕಂಬ ಇದೆ, ಕಣ್ಣು ಕಾಣಲ್ವಾ?" ಎಂದು ಅವನಿಗೆ ದಾರಿ ಹೇಳುವವಳು ಅವಳೇ.

ಪೇಟೆ ಈಗ ಬೇರೆಯೇ ಆಗಿದೆ. ಎಂಜಿನ್ನುಗಳ ಸದ್ದಿಲ್ಲದೆ ಮನೆಯೊಳಗೆ ಮಲಗಿದವರಿಗೂ ನದಿ ಕೇಳಿಸುತ್ತದೆ. ಬ್ರೆಡ್ಡಿನ ಸಾಲು ಬೆಳಗಿನಿಂದ ಮೂಲೆ ತಿರುಗಿ ನಿಂತಿರುತ್ತದೆ. ಅಂಗಡಿಗಳ ಗಾಜಿನಲ್ಲಿ ಸಾಮಾನಿನ ಬದಲು ಆಕಾಶ ಕಾಣುತ್ತದೆ. ಖಾಲಿ ಕಂಬಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತವೆ. ಡಿಪೋದಲ್ಲಿ ನಿಂತ ಬಸ್ಸುಗಳ ಚಕ್ರದ ಸುತ್ತ ಹುಲ್ಲು ಮೊಣಕಾಲೆತ್ತರ. ಬಿಡುವಾದಾಗ ಕಂಡಕ್ಟರಮ್ಮ ಅಲ್ಲಿಗೆ ಹೋಗಿ ತನ್ನ ಬಸ್ಸಿನ ಸೀಟುಗಳ ದೂಳು ಒರೆಸಿ ಬರುತ್ತಾಳೆ. "ಅದರದ್ದೇನು ತಪ್ಪು, ಪಾಪ," ಎನ್ನುತ್ತಾಳೆ.

ಕಳೆದ ತಿಂಗಳಿಂದ ಸ್ವಲ್ಪ ಎಣ್ಣೆ ಬರುತ್ತಿದೆ. ವಾರಕ್ಕೆರಡು ದಿನ ಒಂದು ಬಸ್ಸು ಓಡುತ್ತದೆ, ಅವಳು ಆ ದಿನಗಳಲ್ಲಿ ಡ್ಯೂಟಿಗೆ ಹೋಗುತ್ತಾಳೆ. ಆಗ ದೋಣಿ ಕ್ಯಾಷಿಯರಿನದು, ದಾರಿ ಲಾಂಡ್ರಿ ಅಕ್ಕನದು. ಬೈಗುಳ ದಡದಲ್ಲಿ ಕೂತ ಅಪ್ಪನದು. ಬಸ್ಸು ಪೂರ್ತಿ ಶುರುವಾದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಕಂಡಕ್ಟರಮ್ಮ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸುತ್ತಾಳೆ.

"ಬಸ್ಸು ಬರ್ಲಿ. ಬರ್ಲೇಬೇಕು. ನನಗೆ ಒಂದೇ ಒಂದು ಆಸೆ. ಬಸ್ಸಲ್ಲಿ ಅಷ್ಟು ವರ್ಷ ನಿಂತೇ ಇದ್ದೆ. ಇಲ್ಲಿ ಕೂತ್ರೂ ಕೈ ಆಡಿಸ್ತಾನೇ ಇರ್ಬೇಕು. ಒಂದು ಸಲ ಸುಮ್ನೆ ಪ್ಯಾಸೆಂಜರ್ ಆಗಿ ಕೂತು, ನಿದ್ದೆ ಮಾಡ್ಕೊಂಡು ಆಚೆ ದಡಕ್ಕೆ ಹೋಗ್ಬೇಕು. ಇಳಿಯೋ ಜಾಗ ಬಂದಾಗ ಯಾರಾದ್ರೂ ಎಬ್ಬಿಸ್ಬೇಕು."

"ಅದಕ್ಕೇನು ಇಲಾಖೆ ಅಪ್ಪಣೆ ಬೇಕಾ?" ಎಂದು ಲಾಂಡ್ರಿ ಅಕ್ಕ ಅವಳ ಕೈಯಿಂದ ಹುಟ್ಟು ಕಿತ್ತು ಕ್ಯಾಷಿಯರಿಗೆ ಕೊಡುತ್ತಾಳೆ. ಕಂಡಕ್ಟರಮ್ಮ ಬೇಡ ಬೇಡ ಎನ್ನುತ್ತಲೇ ಹಲಗೆಗೆ ಒರಗುತ್ತಾಳೆ. "ನೋಡ್ಕೊಳ್ಳಿ, ಗಾಳಿ ಬಲಕ್ಕಿದೆ... ಆ ಬಸುರಿ ಹುಡುಗೀನ ಮಧ್ಯಕ್ಕೆ ಕೂರ್ಸಿ..." ಮಾತು ಮುಗಿಯುವುದಿಲ್ಲ. ಮೊದಲ ಕಂಬ ದಾಟುವಷ್ಟರಲ್ಲಿ ಬಾಯಿ ಸ್ವಲ್ಪ ತೆರೆದು, ಒಂದು ಕೈ ನೀರಿನ ಕಡೆಗೆ ಇಳಿಬಿದ್ದು, ಅವಳಿಗೆ ನಿದ್ದೆ.

ದಡ ಬರುತ್ತದೆ. ಯಾರೂ ಎಬ್ಬಿಸುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ದೋಣಿ ಅಲುಗದಂತೆ ಒಬ್ಬೊಬ್ಬರೇ ಇಳಿಯುತ್ತಾರೆ. ಅಲ್ಲಿ ಕಾಯುತ್ತಿದ್ದವರಿಗೆ ಲಾಂಡ್ರಿ ಅಕ್ಕ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಾಳೆ. ಅವರೂ ಚಪ್ಪಲಿ ಕಳಚುತ್ತಾರೆ. ಯಾರೂ ಹೇಳದೆ ಮುಂದೆ ಮುಂದೆ ಹೋಗಿ ಕೂರುತ್ತಾರೆ.

ಕ್ಯಾಷಿಯರು ಸೀಟಿ ಊದದೆಯೇ ದೋಣಿ ತಿರುಗಿಸುತ್ತಾನೆ.