ಹಬ್ಬವಿಲ್ಲದ ಮನೆಗೆ ಕಾರ್ಡು

ಬೆರಳಿನ ಮೇಲೆ ಒಣಗಿದ ಗೋಂದನ್ನು ಸಿಪ್ಪೆಯ ಹಾಗೆ ಸುಲಿದು ತೆಗೆಯುವ ಸುಖ ನಿಮಗೂ ಗೊತ್ತಿರಬೇಕು. ಟೆಕ್ಸಸ್ಸಿನ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಕೂತು ಯೆಹೂದಿ ಗೆಳೆಯರಿಗೆ ಹನುಕ್ಕಾ ಕಾರ್ಡು ಮಾಡುತ್ತಿದ್ದೇನೆ. ಎಂಟು ಸಂಜೆಯ ಬೆಳಕಿನ ಹಬ್ಬ, ಒಂಬತ್ತು ಕವಲಿನ ದೀಪ. ನನ್ನ ಕೈಯಲ್ಲಿ ಆ ದೀಪ ಬಾಚಣಿಗೆಯಾಗಿ ಹುಟ್ಟುತ್ತದೆ. ಗೆಳೆಯರು ಸಭ್ಯರು, ತಲೆ ಬಾಚಿಕೊಳ್ಳುವುದಿಲ್ಲ, ಅಷ್ಟೆ.

ಈ ಚಟ ಹತ್ತಿಸಿದವಳು ಅಮ್ಮ. ನಾನು ಬೆಳೆದ ಪೇರ್ಲ್ಯಾಂಡಿನಲ್ಲಿ ನಮ್ಮ ಪಕ್ಕದ ಮನೆಯವರು ರೂತ್ ಆಂಟಿ. ಅವರು ನಮ್ಮ ದೀಪಾವಳಿಗೆ ಬಂದು ಹಣತೆ ಹಚ್ಚಿದ ವರ್ಷವೇ ಅಮ್ಮ ಅವರ ಹಬ್ಬಕ್ಕೆ ಕಾಗದ, ಕತ್ತರಿ ಹಿಡಿದಳು. ಏನು ಬರೆಯಬೇಕಾದರೂ ಮೊದಲು ಚುಕ್ಕಿ ಇಡುವ ಕೈ ಅದು. ಹಾಗಾಗಿ ನಮ್ಮ ಬೀದಿಯ ಹನುಕ್ಕಾ ಕಾರ್ಡುಗಳೆಲ್ಲ ಮೈಸೂರಿನ ಅಂಗಳದಿಂದ ನೇರವಾಗಿ ಎದ್ದು ಬಂದಂತಿದ್ದವು. ಲಕೋಟೆಯ ಮೂಲೆಗಳಿಗೆ ಅರಿಶಿನ ಬೇರೆ. ನಾನು ಸೊಂಟಕ್ಕೆ ಕೈ ಕೊಟ್ಟು, ಅವಳ ದನಿಯಲ್ಲೇ ಚುಕ್ಕಿ ಸೊಟ್ಟಗಾಯಿತೆಂದು ಗೊಣಗಿದರೆ ಕತ್ತರಿ ತೋರಿಸುತ್ತಿದ್ದಳು. ಬೀದಿಯಲ್ಲಿ ನಾನು ಅಣಕಿಸದವರೇ ಇರಲಿಲ್ಲ. ನನ್ನ ಟೆಕ್ಸಸ್ ರಾಗದ ಕನ್ನಡವನ್ನೂ ನಾನೇ ಅಣಕಿಸಿಕೊಳ್ಳುತ್ತಿದ್ದೆ, ಬೇರೆಯವರಿಗೆ ಆ ಸಂತೋಷ ಬಿಟ್ಟುಕೊಡಬಾರದೆಂದು.

ಒಂದು ಬೇಸಿಗೆಯಲ್ಲಿ ರೂತ್ ಆಂಟಿಯ ಗಂಡ ಡೇವಿಡ್ ಅಂಕಲ್ ತೀರಿಕೊಂಡರು. ಡಿಸೆಂಬರಿನಲ್ಲಿ ಕಾರ್ಡು ಮಾಡಲು ಕೂತಾಗ ಅಮ್ಮ ಅವರ ಪಾಲಿನ ಕಾಗದವನ್ನು ಪಕ್ಕಕ್ಕೆ ಸರಿಸಿದಳು.

"ಅವರಿಗೆ ಈ ವರ್ಷ ಹಬ್ಬ ಇಲ್ಲ ಕಣೋ."

ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸಾವಾದ ಮನೆಗೆ ವರ್ಷವಿಡೀ ಹಬ್ಬವಿಲ್ಲ, ತೋರಣವಿಲ್ಲ; ಅಂಥ ಮನೆಯ ಬಾಗಿಲಲ್ಲಿ ಹಲ್ಲು ಕಿರಿದು ಶುಭಾಶಯ ಹೇಳುವವರು ನಮ್ಮಲ್ಲಿ ಯಾರಿದ್ದಾರೆ? ಉಳಿದ ಗೆಳೆಯರಿಗೆಲ್ಲ ಕಾರ್ಡು ಹೋಯಿತು. ರೂತ್ ಆಂಟಿಯ ಕಿಟಕಿಗೆ ಪ್ರತಿ ವರ್ಷ ನಾವು ಕಟ್ಟುತ್ತಿದ್ದ ಕಾಗದದ ನಕ್ಷತ್ರದ ಸರವೂ ಹೋಗಲಿಲ್ಲ. ಅವರ ದುಃಖಕ್ಕೆ ಎಷ್ಟು ಮರ್ಯಾದೆ ಕೊಟ್ಟೆವಲ್ಲ ಎಂದು ಒಳಗೊಳಗೇ ಹೆಮ್ಮೆ.

ಹಬ್ಬದ ಮೂರನೆಯ ದಿನ ಅವರೇ ಬಂದರು. ಎದುರುಮನೆಯಲ್ಲಿ ನಮ್ಮ ಕಾರ್ಡು ನೋಡಿದ್ದರಂತೆ. ಅಮ್ಮ ಕಾಫಿಗೆ ಕರೆದರೂ ಬಾಗಿಲು ದಾಟಲಿಲ್ಲ. ಅವರು ಇಂಗ್ಲಿಷಿನಲ್ಲಿ ಅಂದದ್ದು ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಉಳಿದಿದೆ.

"ಡೇವಿಡ್ ಹೋದ ಮೇಲೆ ಒಬ್ಬೊಬ್ಬರೇ ಬರೋದು ಬಿಡ್ತಿದ್ದಾರೆ. ನೀವೂನಾ?"

ಅಮ್ಮನ ಇಂಗ್ಲಿಷು ಅಲ್ಲೇ ಕೈಕೊಟ್ಟಿತು. ನಮ್ಮ ಪದ್ಧತಿ ಹೀಗೆ ಹೀಗೆ ಎಂದು ಅವಳು ತೊದಲಿದ್ದನ್ನು ನಾನು ತರ್ಜುಮೆ ಮಾಡಿದೆ, ಒಂದಿಷ್ಟೂ ಅಣಕವಿಲ್ಲದೆ. ಆಮೇಲೆ ಆಂಟಿ ಒಳಗೆ ಬಂದು ಕೂತರು. ತಮ್ಮಲ್ಲಿ ದುಃಖದ ಮನೆಯಲ್ಲೂ ಆ ದೀಪ ಹಚ್ಚುತ್ತಾರೆ ಅಂದರು. ಎರಡು ಸಂಜೆ ಒಬ್ಬರೇ ಹಚ್ಚಿ, ಬರಿಯ ಕಿಟಕಿಯನ್ನು ನೋಡುತ್ತ ಕೂತಿದ್ದರಂತೆ.

ಅಮ್ಮ ಎದ್ದಳು. ಕಾಗದ, ಕತ್ತರಿ, ಗೋಂದು ಎಲ್ಲವನ್ನೂ ಬಟ್ಟೆ ಬುಟ್ಟಿಗೆ ಸುರಿದುಕೊಂಡು ಅವರ ಮನೆಗೇ ಹೊರಟಳು. ಅವರ ಊಟದ ಮೇಜಿನ ಮೇಲೆ ಮೂವರೂ ನಕ್ಷತ್ರ ಕತ್ತರಿಸಿದೆವು. ಕಾರ್ಡು ಮುಗಿದಾಗ ಆಂಟಿ ಅದನ್ನು ದೂರ ಹಿಡಿದು ನೋಡಿ, ನನ್ನ ಕಡೆ ತಿರುಗಿ, ಡೇವಿಡ್ ಥರ ಮಾತಾಡು ಅಂದರು.

ಅಂಕಲ್ ದಂತವೈದ್ಯರು. ಪ್ರತಿ ವರ್ಷ ನಮ್ಮ ಕಾರ್ಡು ಕಂಡಾಗ ಮೂಗಿನ ದನಿಯಲ್ಲಿ ಅದೇ ಒಂದು ಮಾತು ಹೇಳುವರು. ನಾನು ಅವರೆದುರೇ ಅದನ್ನು ತಿರುಗಿಸಿ ಒಪ್ಪಿಸುತ್ತಿದ್ದೆ. ಬದುಕಿದ್ದವರನ್ನು ಅಣಕಿಸುವುದು ಸುಲಭ. ಅಮ್ಮ ಬೇಡವೆಂದು ಕಣ್ಣು ಬಿಟ್ಟಳು. ಆಂಟಿ ಕಾಯುತ್ತಿದ್ದರು. ನಾನು ಅಂಕಲ್ ದನಿ ತಂದುಕೊಂಡೆ.

"ರೂತ್, ಇದು ದೀಪವೋ, ಯಾರದಾದರೂ ದವಡೆಯ ಎಕ್ಸ್‌ರೇಯೋ?"

ಅವರು ನಕ್ಕರು, ಕಣ್ಣೊರೆಸಿಕೊಂಡರು, ಇನ್ನೊಂದು ಸಲ ಅಂದರು.

ಇಷ್ಟೆಲ್ಲ ಕಂಡವನ ಕೈ ನೋಡಿ ಈಗ: ಕಾಗದ ಕತ್ತರಿಸುತ್ತ ತಾನಾಗಿಯೇ ಒಂದು ಹೆಸರನ್ನು ಹಾರಿಸಿಬಿಟ್ಟಿತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಲಿಯಾಳ ತಾಯಿ ಹೋದ ತಿಂಗಳು ತೀರಿಕೊಂಡರು. ನಾನೇ ತೀರ್ಮಾನ ಮಾಡದೆ, ಕಾರ್ಡು ತರಲೇ ಎಂದು ಅವಳಿಗೇ ಮೆಸೇಜ್ ಮಾಡಿದೆ. ತಾ, ಆದರೆ ಸ್ವಲ್ಪ ಹೊತ್ತು ಕೂತು ಹೋಗು, ಅಮ್ಮನ ಮಾತು ಎತ್ತಿದರೆ ಎಲ್ಲರೂ ವಿಷಯ ಬದಲಾಯಿಸುತ್ತಾರೆ ಎಂದು ಬರೆದಿದ್ದಾಳೆ.

ಆ ತಾಯಿಯ ದನಿಯನ್ನು ನಾನು ಕೇಳಿಯೇ ಇಲ್ಲ. ನನ್ನ ಬಾಯಿಗೆ ಅಲ್ಲಿ ಕೆಲಸವಿಲ್ಲ. ಕಿವಿಯನ್ನಷ್ಟೇ ತೆಗೆದುಕೊಂಡು ಹೋಗಿ ಕೂರುತ್ತೇನೆ.