ಮೂರನೆಯ ಕೂಗು

ತವರೂರು ಜಡೆ ಬಿಟ್ಟು ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಮೇಲೆ ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅತ್ತೆಗೆ ನಾನು 'ಜಡೆಯೋಳು'. ಗಂಡನಿಗೆ 'ಏ, ಇವಳೇ'. ಬೈದರೆ ಬೈಯಲಿ, ಹೆಸರು ಹಿಡಿದಾದರೂ ಬೈಯಬಾರದೇ ಎಂದು ಎಷ್ಟೋ ಸಲ ಅನಿಸಿದೆ. ತುಂಬಿದ ಮನೆಯಲ್ಲಿ ನಾನು ಒಂಟಿಯಾಗಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಊರ ಹೊರಗೆ ಟೆಂಟ್ ಸಿನಿಮಾ ಬಂತು. ದೆವ್ವದ ಚಿತ್ರ, ತಮಿಳಿನದು. ಅತ್ತೆ ನನ್ನನ್ನು ಮೊದಲ ಆಟಕ್ಕೆ ಕರೆದುಕೊಂಡು ಹೋದರು. ಹೆಂಗಸರ ಕಡೆ ಚಾಪೆ ಹಾಸಿಕೊಂಡು ಕೂತೆವು. ಮಾತು ಒಂದೂ ತಿಳಿಯಲಿಲ್ಲ, ಹೆದರುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಆ ಚಿತ್ರ ಮಾಡಿದವನು ಭಾರಿ ಕಿಲಾಡಿ. ದೆವ್ವವನ್ನು ತೋರಿಸಲೇ ಇಲ್ಲ. ಹುಡುಗಿಯೊಬ್ಬಳು ಲಾಟೀನು ಹಿಡಿದು ಖಾಲಿ ಮನೆಯಲ್ಲಿ ನಡೆಯುತ್ತಾಳೆ. ಅಲ್ಲಿಯವರೆಗೆ ಬಡಿದುಕೊಳ್ಳುತ್ತಿದ್ದ ವಾದ್ಯಗಳೆಲ್ಲ ಗಪ್ಪನೆ ನಿಂತವು. ಮುಚ್ಚಿದ ಬಾಗಿಲನ್ನೇ ತೋರಿಸುತ್ತಾನೆ, ತೋರಿಸುತ್ತಲೇ ಇರುತ್ತಾನೆ. ಆಚೆಯಿಂದ ಯಾರೋ ಅವಳ ಹೆಸರು ಕರೆದರು. ಸ್ವಲ್ಪ ಬಿಟ್ಟು ಮತ್ತೊಮ್ಮೆ, ಇನ್ನೂ ಹತ್ತಿರದಿಂದ. ದೆವ್ವ ಮೂರನೆಯ ಸಲ ಕರೆಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಅದಕ್ಕೇ ಕತ್ತಲಲ್ಲಿ ಯಾರಾದರೂ ಕರೆದರೆ ಮೂರನೆಯ ಕೂಗಿಗೆ ಮೊದಲು ಓಗೊಡಬಾರದು. ಇಡೀ ಟೆಂಟು ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾಯುತ್ತಿತ್ತು.

"ಓ!" ಎಂದೆ ನಾನು.

ಅವಳದೂ ನನ್ನದೂ ಒಂದೇ ಹೆಸರು. ಎಷ್ಟೋ ತಿಂಗಳ ಮೇಲೆ ಅದು ಕಿವಿಗೆ ಬಿದ್ದಿತ್ತು, ಬಾಯಿ ತಾನಾಗಿಯೇ ತೆರೆದುಕೊಂಡಿತು. ಟೆಂಟ್ ತುಂಬ ನಗೆ, ಗಂಡಸರ ಕಡೆಯಿಂದ ಸಿಳ್ಳೆ. ಆಮೇಲೆ ಆ ದೆವ್ವಕ್ಕೆ ಯಾರೂ ಹೆದರಲಿಲ್ಲ.

ಮನೆಯ ದಾರಿಯಲ್ಲಿ ಅತ್ತೆ ಕೇಳಿದರು, "ಅಲ್ಲೇ, ದೆವ್ವಕ್ಕೆ ಯಾರಾದ್ರೂ ಓ ಅಂತಾರೇನೆ?"

"ನನ್ ಹೆಸ್ರು ಕರದಂಗಾತು, ಅತ್ತೆ."

ಅವರು ನಿಂತು ನನ್ನ ಮುಖ ನೋಡಿದರು. "ಹೌದಲ್ಲ! ನಿನ್ ಹೆಸ್ರೂ ಅದೇ ಅಲ್ಲೇನೆ? ಮರ್ತೇ ಹೋಗಿತ್ತು ನೋಡು."

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಒಳಗಿನಿಂದ ಅತ್ತೆ ನನ್ನ ಹೆಸರು ಹಿಡಿದು ಕೂಗಿದರು. ತಿಕ್ಕುವುದನ್ನು ನಿಲ್ಲಿಸಿದೆ. ಮತ್ತೊಮ್ಮೆ ಕೂಗಿದರು. ಆಗಲೂ ಓಗೊಡಲಿಲ್ಲ, ಇನ್ನೊಂದು ಸಲ ಕೇಳುವ ಆಸೆ. ಬೂದಿ ಮೆತ್ತಿದ ಕೈಯಲ್ಲೇ ಕೂತು ಮೂರನೆಯದಕ್ಕೆ ಕಾದೆ.

"ಏ ಜಡೆಯೋಳೇ! ಕಿವಿ ಕೇಳ್ಸಲ್ವೇನೆ?"

"ಓ, ಬಂದೆ" ಎಂದು ಎದ್ದೆ.